ಹ್ಯಾಬ್ಸ್‌ಬರ್ಗ್ ರಾಜಮನೆತನದ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ರಾಜಮನೆತನಗಳ ಬಗ್ಗೆ ಓದಲು ಕುಳಿತವರಿಗೆ ಮೊದಲು ಎದುರಾಗುವ ತೊಡಕು ಹೆಸರುಗಳದ್ದು. ಒಬ್ಬನೇ ಚಾರ್ಲ್ಸ್ ಸ್ಪೇನಿನಲ್ಲಿ ಒಂದನೆಯವನು, ಜರ್ಮನ್ ನಾಡುಗಳಲ್ಲಿ ಐದನೆಯವನು. ಒಂದೇ ಹೆಸರಿನ ಅಜ್ಜ, ಮೊಮ್ಮಗ, ಚಿಕ್ಕಪ್ಪ, ಅಳಿಯ ಎಲ್ಲರೂ ಒಂದೇ ಶತಮಾನದಲ್ಲಿ ಆಳುತ್ತಾರೆ. ಹೀಗಾಗಿ ಇಲ್ಲಿ ಒಂದೇ ಮನೆತನವನ್ನು ಆರಿಸಿಕೊಂಡು, ಅದರ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಲಾಗಿದೆ. ಹ್ಯಾಬ್ಸ್‌ಬರ್ಗರ ಏಳುಬೀಳುಗಳ ಹಿಂದೆ ಒಂದೇ ಚಿಂತೆ ಕೆಲಸ ಮಾಡುತ್ತಿತ್ತು: ಆಸ್ತಿ ಒಡೆಯದಂತೆ, ವಂಶ ಮುಗಿಯದಂತೆ ನೋಡಿಕೊಳ್ಳುವುದು. ಆ ಚಿಂತೆಯ ಭಾರವನ್ನು ಹೆಚ್ಚಾಗಿ ಹೊತ್ತವರು ಆ ಮನೆಯ ಹೆಣ್ಣುಮಕ್ಕಳು.

ಯುರೋಪಿನಲ್ಲಿ ಅಷ್ಟೊಂದು ರಾಜಮನೆತನಗಳಿರುವಾಗ ಹ್ಯಾಬ್ಸ್‌ಬರ್ಗರನ್ನೇ ಏಕೆ ಆರಿಸಿಕೊಳ್ಳಬೇಕು?

1273ರಲ್ಲಿ ಈ ಮನೆತನದ ರುಡಾಲ್ಫನು ಜರ್ಮನ್ ರಾಜನಾಗಿ ಆಯ್ಕೆಯಾದನು. 1918ರ ನವೆಂಬರಿನಲ್ಲಿ ಕೊನೆಯ ಚಕ್ರವರ್ತಿ ಕಾರ್ಲ್ ಅಧಿಕಾರದಿಂದ ದೂರ ಸರಿದನು. ನಡುವಿನ ಆರೂವರೆ ಶತಮಾನಗಳಲ್ಲಿ ಆಸ್ಟ್ರಿಯ, ಬೊಹೀಮಿಯ, ಹಂಗೆರಿ, ಸ್ಪೇನ್, ನೆದರ್ಲೆಂಡ್ಸ್, ನೇಪಲ್ಸ್, ಮಿಲಾನ್, ಕೆಲಕಾಲ ಪೋರ್ಚುಗಲ್, ಜೊತೆಗೆ ಅಮೆರಿಕ ಖಂಡದ ವಿಶಾಲ ಭೂಭಾಗಗಳು ಈ ಮನೆಯವರ ಆಳ್ವಿಕೆಗೆ ಒಳಪಟ್ಟಿದ್ದವು. ಯುರೋಪಿನ ರಾಜಪದ್ಧತಿಯ ಬಹುತೇಕ ಎಲ್ಲ ಮುಖ್ಯ ಸಮಸ್ಯೆಗಳೂ, ಅಂದರೆ ಹೆಣ್ಣಿಗೆ ಸಿಂಹಾಸನದ ಹಕ್ಕು, ಒಳಸಂಬಂಧದ ಮದುವೆ, ಸಮಾನ ಕುಲದ ನಿಯಮ, ಸಾಮಂತರೊಂದಿಗಿನ ಕೊಡುಕೊಳ್ಳುವಿಕೆ, ಇವೆಲ್ಲ ಈ ಒಂದು ಮನೆತನದ ಕಥೆಯಲ್ಲಿ ಎದುರಾಗುತ್ತವೆ.

ಈ ಮನೆತನದ ಮೂಲ ಆಸ್ಟ್ರಿಯವೇ?

ಅಲ್ಲ. ಅವರ ಮೂಲ ಕೋಟೆಯು ಇಂದಿನ ಸ್ವಿಟ್ಜರ್ಲೆಂಡಿನ ಆರ್‌ಗೌ ಪ್ರಾಂತದಲ್ಲಿದೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಕಟ್ಟಲಾದ ಆ ಕೋಟೆಯ ಹೆಸರೇ ಮನೆತನಕ್ಕೂ ಬಂತು. ಆಗ ಅವರು ಸಾಧಾರಣ ಕೌಂಟ್‌ಗಳು, ಅಂದರೆ ಒಂದು ಪ್ರದೇಶದ ಮಟ್ಟದ ಪಾಳೆಯಗಾರರು. 1273ರಲ್ಲಿ ಜರ್ಮನ್ ರಾಜನನ್ನು ಆರಿಸಬೇಕಾದ ಚುನಾಯಕ ಪ್ರಭುಗಳಿಗೆ ತಮ್ಮನ್ನು ತುಳಿಯುವಷ್ಟು ಬಲವಿಲ್ಲದ ಒಬ್ಬನು ಬೇಕಾಗಿತ್ತು. ರುಡಾಲ್ಫ್ ಅಂಥವನೆಂದು ಅವರು ಎಣಿಸಿದರು. ಬೊಹೀಮಿಯದ ಪ್ರಬಲ ರಾಜ ಎರಡನೆಯ ಒಟ್ಟೊಕರ್ ಆ ಆಯ್ಕೆಯನ್ನು ಒಪ್ಪಲಿಲ್ಲ. 1278ರ ಆಗಸ್ಟ್ 26ರಂದು ವಿಯೆನ್ನಾದ ಈಶಾನ್ಯಕ್ಕಿರುವ ಮಾರ್ಷ್‌ಫೆಲ್ಡ್ ಬಯಲಿನಲ್ಲಿ ನಡೆದ ಕಾಳಗದಲ್ಲಿ ಒಟ್ಟೊಕರ್ ಸತ್ತನು. ಅವನ ಕೈಯಲ್ಲಿದ್ದ ಆಸ್ಟ್ರಿಯ ಮತ್ತು ಸ್ಟಿರಿಯ ನಾಡುಗಳನ್ನು ರುಡಾಲ್ಫನು 1282ರಲ್ಲಿ ತನ್ನ ಮಕ್ಕಳಿಗೆ ಕೊಟ್ಟನು. ಮನೆತನ ಪೂರ್ವಕ್ಕೆ ಬೆಳೆದಂತೆ ಪಶ್ಚಿಮದ ಮೂಲನೆಲೆ ಕೈಬಿಟ್ಟಿತು. 1415ರಲ್ಲಿ ಸ್ವಿಸ್ ಒಕ್ಕೂಟದವರು ಆರ್‌ಗೌವನ್ನು, ಅದರೊಡನೆ ಹೆಸರು ಕೊಟ್ಟ ಕೋಟೆಯನ್ನೂ ವಶಪಡಿಸಿಕೊಂಡರು.

ಪವಿತ್ರ ರೋಮನ್ ಚಕ್ರವರ್ತಿಯ ಪಟ್ಟವು ತಂದೆಯಿಂದ ಮಗನಿಗೆ ಬರುತ್ತಿತ್ತೇ?

ಕಾನೂನಿನ ಪ್ರಕಾರ ಬರುತ್ತಿರಲಿಲ್ಲ. ಪವಿತ್ರ ರೋಮನ್ ಸಾಮ್ರಾಜ್ಯವೆಂದರೆ ಜರ್ಮನ್ ನಾಡುಗಳೇ ಹೆಚ್ಚಾಗಿದ್ದ ಒಂದು ಒಕ್ಕೂಟ; ಜರ್ಮನ್ ರಾಜನಾಗಿ ಆಯ್ಕೆಯಾದವನೇ ಅದರ ಚಕ್ರವರ್ತಿ ಪಟ್ಟಕ್ಕೆ ಹಕ್ಕುದಾರ. 1356ರ ಸುವರ್ಣ ಶಾಸನವು ಆಯ್ಕೆಯ ಹಕ್ಕನ್ನು ಏಳು ಚುನಾಯಕರಿಗೆ ಕೊಟ್ಟಿತ್ತು: ಮೈನ್ಸ್, ಟ್ರಿಯರ್ ಮತ್ತು ಕಲೋನಿನ ಆರ್ಚ್‌ಬಿಷಪ್ಪರು, ಬೊಹೀಮಿಯದ ರಾಜ, ರೈನ್ ಪಾಲಟಿನೇಟಿನ ಕೌಂಟ್, ಸ್ಯಾಕ್ಸನಿಯ ಡ್ಯೂಕ್ ಮತ್ತು ಬ್ರಾಂಡೆನ್‌ಬರ್ಗಿನ ಮಾರ್ಗ್ರೇವ್. ಆದರೂ 1438ರಿಂದ 1740ರವರೆಗೆ ಆ ಪಟ್ಟ ಹ್ಯಾಬ್ಸ್‌ಬರ್ಗರ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ತಂದೆ ಬದುಕಿರುವಾಗಲೇ ಮಗನನ್ನು ಆಯ್ಕೆ ಮಾಡಿಸುವುದು, ಚುನಾಯಕರಿಗೆ ಸವಲತ್ತು ಕೊಡುವುದು, ಬೇಕಾದಾಗ ನೇರವಾಗಿ ಹಣ ಸುರಿಯುವುದು ಅವರ ಉಪಾಯಗಳಾಗಿದ್ದವು. 1519ರಲ್ಲಿ ಹತ್ತೊಂಬತ್ತು ವರ್ಷದ ಐದನೆಯ ಚಾರ್ಲ್ಸನ ಆಯ್ಕೆಗೆ ಸುಮಾರು 8.5 ಲಕ್ಷ ಗಿಲ್ಡರ್ ವೆಚ್ಚವಾಯಿತು, ಅದರಲ್ಲಿ 5.4 ಲಕ್ಷಕ್ಕೂ ಹೆಚ್ಚನ್ನು ಔಗ್ಸ್‌ಬರ್ಗಿನ ಲೇವಾದೇವಿಗಾರ ಯಾಕೋಬ್ ಫುಗ್ಗರ್ ಸಾಲವಾಗಿ ಕೊಟ್ಟಿದ್ದನು. ಫ್ರಾನ್ಸಿನ ರಾಜ ಒಂದನೆಯ ಫ್ರಾನ್ಸಿಸ್ ಸಹ ಅದೇ ಪಟ್ಟಕ್ಕೆ ಸ್ಪರ್ಧಿಸಿದ್ದರಿಂದ ಬೆಲೆ ಅಷ್ಟು ಏರಿತು.

ಆಸ್ಟ್ರಿಯದವರಿಗೆ ಮಾತ್ರ ಆರ್ಚ್‌ಡ್ಯೂಕ್ ಎಂಬ ಬಿರುದು ಹೇಗೆ ಬಂತು?

ಡ್ಯೂಕ್‌ಗಿಂತ ಮೇಲಿನ ದರ್ಜೆಯ ಈ ಬಿರುದು ನಕಲಿ ದಾಖಲೆಯಿಂದ ಬಂತು. ಸುವರ್ಣ ಶಾಸನದ ಚುನಾಯಕರ ಪಟ್ಟಿಯಲ್ಲಿ ಆಸ್ಟ್ರಿಯಕ್ಕೆ ಸ್ಥಾನ ಸಿಗದಿದ್ದುದು ಡ್ಯೂಕ್ ನಾಲ್ಕನೆಯ ರುಡಾಲ್ಫನಿಗೆ ಸಹಿಸಲಾಗದ ಅವಮಾನವಾಗಿ ಕಂಡಿತು. 1358 ಮತ್ತು 1359ರ ಹೊತ್ತಿಗೆ ಅವನ ಆಸ್ಥಾನದಲ್ಲಿ ಹಳೆಯ ಚಕ್ರವರ್ತಿಗಳ ಹೆಸರಿನ ಸನದುಗಳ ಒಂದು ಕಟ್ಟು ತಯಾರಾಯಿತು; ಅವುಗಳಲ್ಲಿ ಜೂಲಿಯಸ್ ಸೀಸರ್ ಮತ್ತು ನೀರೋ ಆಸ್ಟ್ರಿಯಕ್ಕೆ ಕೊಟ್ಟ ಸವಲತ್ತುಗಳ ಉಲ್ಲೇಖವೂ ಇತ್ತು. ಆಗಿನ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ ಅದನ್ನು ಇಟಲಿಯ ಕವಿ ಮತ್ತು ವಿದ್ವಾಂಸ ಪೆಟ್ರಾರ್ಕನಿಗೆ ತೋರಿಸಿದಾಗ, ಆತ ಭಾಷೆ ಮತ್ತು ಕಾಲಗಣನೆಯ ದೋಷಗಳನ್ನು ಎತ್ತಿ ತೋರಿಸಿ ಅದು ಕೃತಕವೆಂದು ಬರೆದನು. ಹಾಗಿದ್ದರೂ ಚಕ್ರವರ್ತಿ ಪಟ್ಟವು ಹ್ಯಾಬ್ಸ್‌ಬರ್ಗರಿಗೇ ಸಿಕ್ಕಿದ ಬಳಿಕ, 1453ರಲ್ಲಿ ಮೂರನೆಯ ಫ್ರೆಡರಿಕ್ ತನ್ನ ಪೂರ್ವಜರ ಆ ಕಾಗದಗಳನ್ನು ಅಧಿಕೃತವೆಂದು ಸ್ಥಿರೀಕರಿಸಿದನು. ಸುಳ್ಳು ಕಾಗದದ ಬಿರುದು ಅಂದಿನಿಂದ ನ್ಯಾಯಸಮ್ಮತವಾಯಿತು. ಈ ಪ್ರಸಂಗವನ್ನು ಕೇವಲ ವಂಚನೆಯೆಂದು ಬದಿಗಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಮಧ್ಯಯುಗದ ಪ್ರಭುಗಳು ಲಿಖಿತ ಹಕ್ಕಿಗೆ ಸೈನ್ಯದಷ್ಟೇ ಬೆಲೆ ಕೊಡುತ್ತಿದ್ದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ.

ಯುದ್ಧವಿಲ್ಲದೆ, ಬರೀ ಮದುವೆಗಳಿಂದ ಸಾಮ್ರಾಜ್ಯ ಕಟ್ಟಿದರು ಎನ್ನುವುದು ನಿಜವೇ?

ಅರ್ಧ ನಿಜ. "ಬೇರೆಯವರು ಯುದ್ಧ ಮಾಡಲಿ, ಭಾಗ್ಯಶಾಲಿ ಆಸ್ಟ್ರಿಯವೇ, ನೀನು ಮದುವೆಯಾಗು" ಎಂಬ ಅರ್ಥದ ಲ್ಯಾಟಿನ್ ಉಕ್ತಿಯೊಂದು ಬಹಳ ಪ್ರಸಿದ್ಧವಾಗಿದೆ. ಆದರೆ ಪ್ರತಿಯೊಂದು ದೊಡ್ಡ ಮದುವೆಯ ಹಿಂದೆ ಯಾರದೋ ಅಕಾಲ ಮರಣವಿದೆ, ಮುಂದೆ ಒಂದು ಯುದ್ಧವಿದೆ.

ಮೊದಲನೆಯದು ಬರ್ಗಂಡಿ. 1477ರ ಜನವರಿಯಲ್ಲಿ ಬರ್ಗಂಡಿಯ ಡ್ಯೂಕ್ ಚಾರ್ಲ್ಸ್ ನಾನ್ಸಿಯ ಯುದ್ಧದಲ್ಲಿ ಸತ್ತಾಗ, ಯುರೋಪಿನ ಅತ್ಯಂತ ಸಿರಿವಂತ ನಗರಗಳಾದ ಗೆಂಟ್, ಬ್ರೂಜ್, ಬ್ರಸೆಲ್ಸ್‌ಗಳ ಒಡೆತನವು ಅವನ ಏಕೈಕ ಪುತ್ರಿ ಮೇರಿಗೆ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಅವಳು ಮೂರನೆಯ ಫ್ರೆಡರಿಕನ ಮಗ ಮ್ಯಾಕ್ಸಿಮಿಲಿಯನ್ನನನ್ನು ಗೆಂಟ್‌ನಲ್ಲಿ ವರಿಸಿದಳು. ಐದೇ ವರ್ಷಗಳಲ್ಲಿ, 1482ರಲ್ಲಿ, ಕುದುರೆಯಿಂದ ಬಿದ್ದ ಗಾಯದಿಂದ ಅವಳು ತೀರಿಕೊಂಡಳು. ಆ ಬಳಿಕ ಫ್ರಾನ್ಸಿನೊಂದಿಗೂ ಫ್ಲಾಂಡರ್ಸ್‌ನ ನಗರಗಳೊಂದಿಗೂ ಮ್ಯಾಕ್ಸಿಮಿಲಿಯನ್ ವರ್ಷಗಟ್ಟಲೆ ಸೆಣಸಬೇಕಾಯಿತು. 1488ರಲ್ಲಿ ಬ್ರೂಜ್‌ನ ನಾಗರಿಕರು ಅವನನ್ನು ಕೆಲವು ತಿಂಗಳು ಸೆರೆಯಲ್ಲಿಟ್ಟಿದ್ದರು. 1493ರ ಸೆನ್ಲಿಸ್ ಒಪ್ಪಂದದವರೆಗೂ ಆ ವಾರಸು ಪೂರ್ತಿಯಾಗಿ ಕೈಗೂಡಲಿಲ್ಲ.

ಎರಡನೆಯದು ಸ್ಪೇನ್. 1496 ಮತ್ತು 1497ರಲ್ಲಿ ಮ್ಯಾಕ್ಸಿಮಿಲಿಯನ್ನನ ಮಗ ಫಿಲಿಪನಿಗೆ ಸ್ಪೇನಿನ ಕ್ಯಾಸ್ಟೀಲ್ ರಾಜ್ಯದ ಹುವಾನಾಳನ್ನೂ, ಮಗಳು ಮಾರ್ಗರೆಟಳನ್ನು ಅಲ್ಲಿಯ ಯುವರಾಜ ಹುವಾನನಿಗೂ ಕೊಟ್ಟು ತಂದು ಸಂಬಂಧ ಬೆಳೆಸಲಾಯಿತು. ಸ್ಪೇನ್ ತಮಗೆ ಸಿಗಬಹುದೆಂದು ಆಗ ಯಾರೂ ಎಣಿಸಿರಲಿಲ್ಲ, ಏಕೆಂದರೆ ಹುವಾನಾಳಿಗಿಂತ ಮೊದಲು ಹಕ್ಕುಳ್ಳವರು ಹಲವರಿದ್ದರು. ಯುವರಾಜ ಹುವಾನ್ 1497ರಲ್ಲೇ ಸತ್ತನು. ಅವನ ಅಕ್ಕ ಇಸಬೆಲಾ 1498ರಲ್ಲಿ ಹೆರಿಗೆಯಲ್ಲಿ ಸತ್ತಳು. ಅವಳ ಕೂಸು ಮಿಗೆಲ್ 1500ರಲ್ಲಿ, ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಮೂರು ವರ್ಷಗಳ ಈ ಸಾವುಗಳಿಂದಾಗಿ ಸ್ಪೇನ್ ಮತ್ತು ಅದರ ಹೊಸ ಸಾಗರೋತ್ತರ ಪ್ರಾಂತಗಳು ಹುವಾನಾಳ ಮೂಲಕ ಅವಳ ಮಗ ಐದನೆಯ ಚಾರ್ಲ್ಸನಿಗೆ ದಕ್ಕಿದವು. ಹುವಾನಾಳಿಗೆ ಮಾತ್ರ ದಕ್ಕಿದ್ದು ಟೊರ್ಡೆಸಿಲ್ಯಾಸ್‌ನ ಅರಮನೆಯಲ್ಲಿನ ಸೆರೆವಾಸ. ಹುಚ್ಚಿಯೆಂಬ ಹಣೆಪಟ್ಟಿಯೊಡನೆ 1509ರಿಂದ 1555ರಲ್ಲಿ ಸಾಯುವವರೆಗೆ ಅವಳು ಅಲ್ಲಿ ಕಾಲ ಕಳೆದಳು. ಹೆಸರಿಗೆ ಮಾತ್ರ ಅವಳು ಕೊನೆಯವರೆಗೂ ರಾಣಿಯೇ ಆಗಿದ್ದಳು.

ಮೂರನೆಯದು ಹಂಗೆರಿ ಮತ್ತು ಬೊಹೀಮಿಯ. 1515ರಲ್ಲಿ ವಿಯೆನ್ನಾದಲ್ಲಿ ಮ್ಯಾಕ್ಸಿಮಿಲಿಯನ್ನನ ಮೊಮ್ಮಗಳು ಮೇರಿಗೂ ಹಂಗೆರಿಯ ಯುವರಾಜ ಲೂಯಿಗೂ, ಲೂಯಿಯ ಅಕ್ಕ ಅನ್ನಾಳಿಗೂ ಮ್ಯಾಕ್ಸಿಮಿಲಿಯನ್ನನ ಮೊಮ್ಮಕ್ಕಳಲ್ಲಿ ಒಬ್ಬನಿಗೂ ಸಂಬಂಧ ನಿಶ್ಚಯವಾಯಿತು. ವರ ಯಾವ ಮೊಮ್ಮಗನೆಂಬುದು ತೀರ್ಮಾನವಾಗಿರದ ಕಾರಣ, ಐವತ್ತಾರು ವರ್ಷದ ಮ್ಯಾಕ್ಸಿಮಿಲಿಯನ್ ತಾನೇ ವರನ ಸ್ಥಾನದಲ್ಲಿ ನಿಂತು ವಿಧಿಯನ್ನು ಪೂರೈಸಿದನು. 1526ರ ಆಗಸ್ಟ್ 29ರಂದು ಮೊಹಾಚ್ ಕದನದಲ್ಲಿ ತುರ್ಕಿಯ ಒಟ್ಟೋಮನ್ನರ ಎದುರು ಸೋತು ಓಡುತ್ತಿದ್ದ ಲೂಯಿ ಇಪ್ಪತ್ತನೆಯ ವಯಸ್ಸಿನಲ್ಲಿ ಸತ್ತಾಗ ಅನ್ನಾಳ ಪತಿಯಾಗಿದ್ದ, ಮ್ಯಾಕ್ಸಿಮಿಲಿಯನ್ನನ ಮೊಮ್ಮಗ ಫರ್ಡಿನೆಂಡನು ಎರಡೂ ರಾಜ್ಯಗಳಿಗೆ ಹಕ್ಕು ಹೂಡಿದನು. ಬೊಹೀಮಿಯ ಬೇಗ ಒಪ್ಪಿತು. ಹಂಗೆರಿಯಲ್ಲಿ ಯಾನೋಷ್ ಜಾಪೊಲ್ಯ ಎಂಬ ಪ್ರತಿಸ್ಪರ್ಧಿ ರಾಜನೂ ಒಟ್ಟೋಮನ್ ಸುಲ್ತಾನನೂ ಅಡ್ಡ ನಿಂತರು. ಆ ರಾಜ್ಯದ ನಡುಭಾಗ ಹ್ಯಾಬ್ಸ್‌ಬರ್ಗರ ಕೈಗೆ ಬರಲು ಮತ್ತೆ ಒಂದೂವರೆ ಶತಮಾನ ಬೇಕಾಯಿತು.

ಸ್ಪೇನಿನ ಹ್ಯಾಬ್ಸ್‌ಬರ್ಗರೂ ಆಸ್ಟ್ರಿಯದವರೂ ಬೇರೆ ಬೇರೆ ಮನೆತನಗಳೇ?

ಒಂದೇ ಮನೆತನದ ಎರಡು ಶಾಖೆಗಳು. ಇಷ್ಟೆಲ್ಲವನ್ನೂ ಒಬ್ಬನೇ ಆಳುವುದು ಅಸಾಧ್ಯವೆಂದು ಅರಿತ ಐದನೆಯ ಚಾರ್ಲ್ಸ್ 1521 ಮತ್ತು 1522ರ ಒಪ್ಪಂದಗಳಲ್ಲಿ ಆಸ್ಟ್ರಿಯದ ನಾಡುಗಳನ್ನು ತಮ್ಮ ಫರ್ಡಿನೆಂಡನಿಗೆ ಬಿಟ್ಟುಕೊಟ್ಟನು. ಮುಂದೆ 1555ರಲ್ಲಿ ಬ್ರಸೆಲ್ಸ್‌ನಲ್ಲಿ ನೆದರ್ಲೆಂಡ್ಸನ್ನೂ ಮರುವರ್ಷ ಸ್ಪೇನನ್ನೂ ಮಗ ಎರಡನೆಯ ಫಿಲಿಪನಿಗೆ ವಹಿಸಿ, ಸ್ಪೇನಿನ ಯೂಸ್ತೆ ಮಠದ ಬಳಿಯ ನಿವಾಸಕ್ಕೆ ತೆರಳಿ 1558ರಲ್ಲಿ ಅಲ್ಲೇ ಕಣ್ಮುಚ್ಚಿದನು. ಚಕ್ರವರ್ತಿ ಪಟ್ಟ ತಮ್ಮನ ಶಾಖೆಗೆ ಹೋಯಿತು.

ಹತ್ತಿರದ ಸಂಬಂಧಿಕರಲ್ಲೇ ಮದುವೆಯಾದುದರಿಂದ ವಂಶ ನಾಶವಾಯಿತು ಎನ್ನುತ್ತಾರೆ. ನಮ್ಮಲ್ಲೂ ಸೋದರಮಾವನನ್ನು ಮದುವೆಯಾಗುವ ಪದ್ಧತಿ ಇದೆಯಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕರ್ನಾಟಕದ ಓದುಗರು ಈ ಪ್ರಶ್ನೆ ಕೇಳುವುದು ಸಹಜ. ಎರಡನೆಯ ಫಿಲಿಪ್ 1570ರಲ್ಲಿ ಮದುವೆಯಾದ ಆಸ್ಟ್ರಿಯದ ಅನ್ನಾ ಅವನ ತಂಗಿ ಮರಿಯಾಳ ಮಗಳು. ನಾಲ್ಕನೆಯ ಫಿಲಿಪ್ 1649ರಲ್ಲಿ ಮದುವೆಯಾದ ಮರಿಯಾನಾ ಸಹ ಅವನ ತಂಗಿಯ ಮಗಳೇ. ಆಗ ಆತನಿಗೆ 44 ವರ್ಷ, ಅವಳಿಗೆ 14. ಅವಳನ್ನು ಮೊದಲು ನಿಶ್ಚಯಿಸಿದ್ದುದು ಆತನ ಮಗ ಬಲ್ತಸಾರ್ ಕಾರ್ಲೋಸನಿಗೆ. ಆ ಹುಡುಗ 1646ರಲ್ಲಿ ತೀರಿಕೊಂಡ ಮೇಲೆ, ಸೊಸೆಯಾಗಬೇಕಿದ್ದವಳನ್ನು ತಂದೆಯೇ ವರಿಸಿದನು. ಕ್ಯಾಥೊಲಿಕ್ ಧರ್ಮಶಾಸ್ತ್ರದಲ್ಲಿ ಇಂಥ ಮದುವೆ ನಿಷಿದ್ಧ. ಪ್ರತಿ ಸಲವೂ ಪೋಪರಿಂದ ವಿಶೇಷ ಅನುಮತಿ ತರಬೇಕಾಗಿತ್ತು, ಮತ್ತು ಪ್ರತಿ ಸಲವೂ ಅದು ದೊರೆಯುತ್ತಿತ್ತು.

ವ್ಯತ್ಯಾಸವಿರುವುದು ಪುನರಾವರ್ತನೆಯಲ್ಲಿ. ಎರಡು ಶಾಖೆಗಳ ನಡುವೆ ಆಸ್ತಿ ಹೊರಗೆ ಹೋಗಬಾರದೆಂಬ ಹಟದಿಂದ, ತಲೆಮಾರಿನ ಮೇಲೆ ತಲೆಮಾರು ಅದೇ ಕೆಲವೇ ಮಂದಿಯ ಸಂತತಿಯಲ್ಲಿ ಕೊಡುಕೊಳ್ಳುವಿಕೆ ನಡೆಯಿತು. 2009ರಲ್ಲಿ ಸ್ಪೇನಿನ ತಳಿವಿಜ್ಞಾನಿಗಳು ಮೂರು ಸಾವಿರಕ್ಕೂ ಹೆಚ್ಚು ಸಂಬಂಧಿಕರ ವಂಶಾವಳಿಯನ್ನು ಆಧರಿಸಿ ಒಳಸಂತಾನದ ಪ್ರಮಾಣವನ್ನು ಲೆಕ್ಕ ಹಾಕಿದರು. ಸ್ಪೇನಿನ ಶಾಖೆಯ ಆರಂಭದಲ್ಲಿದ್ದ, ಹುವಾನಾಳ ಪತಿ ಒಂದನೆಯ ಫಿಲಿಪನಿಗೆ ಅದು 0.025 ಇದ್ದರೆ, ಕೊನೆಯವನಾದ ಎರಡನೆಯ ಚಾರ್ಲ್ಸನಿಗೆ 0.254 ಆಗಿತ್ತು. ಒಡಹುಟ್ಟಿದವರಿಬ್ಬರಿಗೆ ಹುಟ್ಟುವ ಮಗುವಿನಲ್ಲಿ ಈ ಪ್ರಮಾಣ 0.25. ಅಂದರೆ ಚಾರ್ಲ್ಸನ ತಂದೆತಾಯಿ ಸೋದರಮಾವ ಮತ್ತು ತಂಗಿಯ ಮಗಳಾಗಿದ್ದರೂ, ಹಿಂದಿನ ತಲೆಮಾರುಗಳ ಹೊರೆಯೆಲ್ಲ ಕೂಡಿ ಫಲಿತಾಂಶ ಅದಕ್ಕಿಂತಲೂ ಹತ್ತಿರದ ಸಂಬಂಧಕ್ಕೆ ಸಮನಾಯಿತು.

1661ರಲ್ಲಿ ಹುಟ್ಟಿ ನಾಲ್ಕರ ವಯಸ್ಸಿನೊಳಗೇ ರಾಜನಾದ ಈ ಚಾರ್ಲ್ಸ್ ತಡವಾಗಿ ಮಾತು ಕಲಿತನು, ತಡವಾಗಿ ನಡೆದನು, ಮುಂದಕ್ಕೆ ಚಾಚಿದ ಕೆಳದವಡೆಯಿಂದಾಗಿ ಆಹಾರ ಅಗಿಯಲು ಕಷ್ಟಪಟ್ಟನು. ಎರಡು ಮದುವೆಗಳಾದರೂ ಮಕ್ಕಳಾಗಲಿಲ್ಲ. ಅವನ ಕುರಿತು ಅಪಹಾಸ್ಯದ ಬರಹಗಳು ಇಂದಿಗೂ ಹರಿದಾಡುತ್ತವೆ. ಅವನ್ನು ಓದುವಾಗ ನನಗೆ ನೋವಾಗುತ್ತದೆ. ಆ ಮನುಷ್ಯನು ತನ್ನ ಪೂರ್ವಜರ ಲೆಕ್ಕಾಚಾರದ ಬಲಿಪಶು. 1700ರ ನವೆಂಬರ್ 1ರಂದು, 39ನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ, ಅವನು ಸತ್ತನು. ರಾಜ್ಯವನ್ನು ಒಡೆಯದೆ ಉಳಿಸಿಕೊಳ್ಳಬಲ್ಲವನು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಮೊಮ್ಮಗ ಫಿಲಿಪ್ ಎಂದು ಭಾವಿಸಿ ಆತನಿಗೆ ಎಲ್ಲವನ್ನೂ ಉಯಿಲಿನಲ್ಲಿ ಬರೆದಿಟ್ಟಿದ್ದನು. ಅದರಿಂದ ಹುಟ್ಟಿದ ಯುದ್ಧ 1714ರವರೆಗೆ ನಡೆಯಿತು. ಇಂದು ಸ್ಪೇನನ್ನು ಆಳುತ್ತಿರುವ ಬೂರ್ಬೋನ್ ಮನೆತನವು ಆ ಉಯಿಲಿನ ಮೂಲಕವೇ ಅಲ್ಲಿಗೆ ಬಂದದ್ದು.

ಕನ್ನಡ ನಾಡಿಗೂ ಈ ಮನೆತನಕ್ಕೂ ಏನಾದರೂ ಸಂಬಂಧವಿತ್ತೇ?

ಇತ್ತು, ಎರಡು ಬಾರಿ. ಪೋರ್ಚುಗಲ್ಲಿನ ರಾಜ ಸೆಬಾಸ್ಟಿಯನ್ 1578ರಲ್ಲಿ ಮೊರೊಕ್ಕೋದ ಯುದ್ಧದಲ್ಲಿ ಮಕ್ಕಳಿಲ್ಲದೆ ಸತ್ತನು. ಅವನ ನಂತರ ಪಟ್ಟಕ್ಕೆ ಬಂದ ವೃದ್ಧ ಕಾರ್ಡಿನಲ್ 1580ರಲ್ಲಿ ತೀರಿಕೊಂಡನು. ತಾಯಿ ಪೋರ್ಚುಗೀಸ್ ರಾಜಕುಮಾರಿಯಾಗಿದ್ದ ಕಾರಣ ಎರಡನೆಯ ಫಿಲಿಪ್ ಆ ಪಟ್ಟಕ್ಕೆ ಹಕ್ಕು ಹೂಡಿ, ಸೈನ್ಯ ಕಳಿಸಿ, 1581ರಲ್ಲಿ ತೋಮರ್ ಸಭೆಯಲ್ಲಿ ರಾಜನಾಗಿ ಒಪ್ಪಿಗೆ ಪಡೆದನು. ಹೀಗೆ 1640ರವರೆಗೆ ಗೋವೆಯೂ, ಪೋರ್ಚುಗೀಸರ ಕೈಯಲ್ಲಿದ್ದ ಹೊನ್ನಾವರ, ಬಸರೂರು ಮತ್ತು ಮಂಗಳೂರಿನ ಕೋಟೆಗಳೂ ಹ್ಯಾಬ್ಸ್‌ಬರ್ಗ್ ರಾಜರ ಹೆಸರಿನಲ್ಲಿದ್ದವು. ಆಡಳಿತ ನಡೆಸುತ್ತಿದ್ದವರು ಪೋರ್ಚುಗೀಸರೇ ಆಗಿದ್ದರಿಂದ ಕರಾವಳಿಯ ಜನರಿಗೆ ಒಡೆಯ ಬದಲಾದುದು ಹೆಚ್ಚಾಗಿ ಅರಿವಿಗೆ ಬಂದಿರಲಾರದು. ಕೆಳದಿಯ ಶಿವಪ್ಪ ನಾಯಕನು 1650ರ ದಶಕದಲ್ಲಿ ಆ ಕೋಟೆಗಳನ್ನು ಗೆದ್ದುಕೊಳ್ಳುವ ಹೊತ್ತಿಗೆ ಪೋರ್ಚುಗಲ್ ಮತ್ತೆ ಸ್ವತಂತ್ರವಾಗಿತ್ತು.

ಎರಡನೆಯದು ಹೈದರ್ ಆಲಿಯ ಕಾಲದ್ದು. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯಿಂದ ಹೊರದೂಡಲ್ಪಟ್ಟ ವಿಲಿಯಂ ಬೋಲ್ಟ್ಸ್ ಎಂಬ ವ್ಯಾಪಾರಿಯು 1775ರಲ್ಲಿ, ಆಗ ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ನಾಡುಗಳನ್ನು ಆಳುತ್ತಿದ್ದ ಮಾರಿಯಾ ತೆರೇಸಾಳಿಂದ ಪೂರ್ವದೇಶಗಳ ವ್ಯಾಪಾರದ ಸನದು ಪಡೆದು ಹಡಗಿನಲ್ಲಿ ಇತ್ತ ಬಂದನು. ಹೈದರನ ಅನುಮತಿಯಿಂದ ಮಂಗಳೂರು, ಕಾರವಾರ ಮತ್ತು ಈಗಿನ ಕೇರಳದ ಬಲಿಯಪಟ್ಟಣಗಳಲ್ಲಿ ಆಸ್ಟ್ರಿಯದ ಹೆಸರಿನ ಕೋಠಿಗಳನ್ನು ತೆರೆದನು. ಉದ್ಯಮಕ್ಕೆ ಸಾಕಷ್ಟು ಬಂಡವಾಳವಿರಲಿಲ್ಲ. 1785ರಲ್ಲಿ ಕಂಪನಿ ದಿವಾಳಿಯಾಯಿತು.

ಮಾರಿಯಾ ತೆರೇಸಾ ಹೆಣ್ಣಾಗಿದ್ದೂ ಪಟ್ಟಕ್ಕೆ ಬಂದದ್ದು ಹೇಗೆ?

ಸ್ಪೇನಿನ ಶಾಖೆ ಮುಗಿದುಹೋದುದನ್ನು ಕಣ್ಣಾರೆ ಕಂಡ ಅವಳ ತಂದೆ, ಚಕ್ರವರ್ತಿ ಆರನೆಯ ಚಾರ್ಲ್ಸ್, 1713ರ ಏಪ್ರಿಲ್ 19ರಂದು ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್ ಎಂಬ ಶಾಸನವನ್ನು ಹೊರಡಿಸಿದನು. ಹ್ಯಾಬ್ಸ್‌ಬರ್ಗ್ ನಾಡುಗಳನ್ನು ಎಂದಿಗೂ ಒಡೆಯಬಾರದು, ಗಂಡು ಸಂತಾನವಿಲ್ಲದಿದ್ದರೆ ತನ್ನ ಹೆಣ್ಣುಮಕ್ಕಳಿಗೆ ಪಟ್ಟ ಬರಬೇಕು ಎಂಬುದು ಅದರ ಸಾರ. ಆಗ ಅವನಿಗೆ ಮಕ್ಕಳೇ ಇರಲಿಲ್ಲ. ಮಾರಿಯಾ ತೆರೇಸಾ ಹುಟ್ಟಿದ್ದು 1717ರಲ್ಲಿ. ಮುಂದಿನ ವರ್ಷಗಳಲ್ಲಿ ಅವನು ಪ್ರತಿಯೊಂದು ನಾಡಿನ ಸಭೆಯಿಂದಲೂ, ಯುರೋಪಿನ ಒಂದೊಂದು ರಾಜ್ಯದಿಂದಲೂ ಒಪ್ಪಿಗೆಯ ಸಹಿ ಸಂಗ್ರಹಿಸುತ್ತ ಹೋದನು. ಬ್ರಿಟನ್ನಿನ ಸಹಿಗಾಗಿ, ಭಾರತ ಮತ್ತು ಚೀನಾದೊಡನೆ ಲಾಭದ ವ್ಯಾಪಾರ ನಡೆಸುತ್ತಿದ್ದ ತನ್ನ ಓಸ್ಟೆಂಡ್ ಕಂಪನಿಯನ್ನು 1731ರಲ್ಲಿ ಶಾಶ್ವತವಾಗಿ ಮುಚ್ಚಿದನು. ಅಳಿಯನಾಗಲಿದ್ದ ಫ್ರಾನ್ಸಿಸ್ ಸ್ಟೀಫನ್ ತನ್ನ ಪಿತ್ರಾರ್ಜಿತ ಲೊರೇನ್ ನಾಡನ್ನು ಬಿಟ್ಟುಕೊಟ್ಟು ಟಸ್ಕನಿಯನ್ನು ತೆಗೆದುಕೊಳ್ಳಬೇಕಾಯಿತು.

1740ರ ಅಕ್ಟೋಬರ್ 20ರಂದು ಚಾರ್ಲ್ಸ್ ಸತ್ತನು. ಎರಡು ತಿಂಗಳೊಳಗೆ ಪ್ರಷ್ಯದ ಎರಡನೆಯ ಫ್ರೆಡರಿಕ್ ಹ್ಯಾಬ್ಸ್‌ಬರ್ಗರ ಸೈಲೀಸಿಯ ಪ್ರಾಂತಕ್ಕೆ ನುಗ್ಗಿದನು. ಬವೇರಿಯ, ಫ್ರಾನ್ಸ್, ಸ್ಯಾಕ್ಸನಿಗಳೂ ಕೊಟ್ಟ ಮಾತನ್ನು ಮುರಿದವು. ಇಪ್ಪತ್ಮೂರರ ಹರೆಯದ ರಾಣಿಗೆ ಆಡಳಿತದ ತರಬೇತಿಯನ್ನು ತಂದೆ ಕೊಟ್ಟಿರಲಿಲ್ಲ. ಖಜಾನೆ ಬರಿದಾಗಿತ್ತು, ಸೇನೆ ಸೊರಗಿತ್ತು. 1741ರ ಜೂನ್ 25ರಂದು ಪ್ರೆಸ್‌ಬರ್ಗ್‌ನಲ್ಲಿ, ಅಂದರೆ ಇಂದಿನ ಬ್ರಾಟಿಸ್ಲಾವದಲ್ಲಿ, ಹಂಗೆರಿಯ ಕಿರೀಟ ಧರಿಸಿ, ಪದ್ಧತಿಯಂತೆ ಕುದುರೆಯೇರಿ ದಿಬ್ಬವನ್ನು ಹತ್ತಿ ನಾಲ್ಕು ದಿಕ್ಕಿಗೂ ಖಡ್ಗ ತೋರಿಸಿದಳು. ಕೆಲವು ತಿಂಗಳ ಬಳಿಕ ಅಲ್ಲಿಯ ಪ್ರಭುಗಳಿಂದ ಸೈನಿಕ ನೆರವು ಪಡೆದಳು. 1748ರ ಏಕ್ಸ್-ಲಾ-ಶಾಪೆಲ್ ಒಪ್ಪಂದದಲ್ಲಿ ಸೈಲೀಸಿಯದ ಬಹುಭಾಗ ಹೋಯಿತು, ಉಳಿದುದರಲ್ಲಿ ಬಹುಪಾಲು ಉಳಿಯಿತು. ಚಕ್ರವರ್ತಿ ಪಟ್ಟಕ್ಕೆ ಹೆಣ್ಣು ಆಯ್ಕೆಯಾಗುವಂತಿರಲಿಲ್ಲವಾದ್ದರಿಂದ ನಡುವೆ 1742ರಿಂದ 1745ರವರೆಗೆ ಅದು ಬವೇರಿಯದ ವಿಟೆಲ್ಸ್‌ಬಾಕ್ ಮನೆತನಕ್ಕೆ ಹೋಗಿ, ಅನಂತರ ಅವಳ ಪತಿಗೆ ಬಂತು. ಅಂದಿನಿಂದ ಮನೆತನದ ಹೆಸರು ಹ್ಯಾಬ್ಸ್‌ಬರ್ಗ್-ಲೊರೇನ್.

ಯುದ್ಧ ಮುಗಿದ ಮರುವರ್ಷವೇ, 1749ರಲ್ಲಿ, ಅವಳು ಬೇರೆ ಬೇರೆ ನಗರಗಳಲ್ಲಿ ಹಂಚಿಹೋಗಿದ್ದ ವಂಶದ ಸನದು, ಒಪ್ಪಂದ, ಉಯಿಲುಗಳನ್ನು ವಿಯೆನ್ನಾದಲ್ಲಿ ಒಂದೆಡೆ ಕೂಡಿಡಲು ರಾಜಮನೆತನದ ದಾಖಲಾಲಯವನ್ನು ಸ್ಥಾಪಿಸಿದಳು. ತಂದೆಯ ಸಹಿಗಳು ಅವಳನ್ನು ಕಾಪಾಡಲಿಲ್ಲ ಎಂದು ಬರೆಯುವವರು ಹಲವರು. ನನಗೆ ಆ ಮಾತು ಅಸಂಪೂರ್ಣವೆನಿಸುತ್ತದೆ. ಹೊರಗಿನ ರಾಜರು ಸಹಿಯನ್ನು ಮರೆತರೂ, ಒಳಗಿನ ನಾಡುಗಳ ಸಭೆಗಳು ಕೊಟ್ಟಿದ್ದ ಒಪ್ಪಿಗೆಯೇ ಅವಳ ಮತ್ತು ಅವಳ ವಂಶದವರ ಆಳ್ವಿಕೆಗೆ ಕಾನೂನಿನ ನೆಲೆಯಾಗಿ 1918ರವರೆಗೂ ಉಳಿಯಿತು.

ಅವಳ ಹೆಣ್ಣುಮಕ್ಕಳ ಮದುವೆಗಳು ಹೇಗೆ ನಡೆದವು?

ಮಾರಿಯಾ ತೆರೇಸಾಳಿಗೆ ಹದಿನಾರು ಮಕ್ಕಳು, ಅವರಲ್ಲಿ ಪ್ರಾಯಕ್ಕೆ ಬಂದವರು ಹತ್ತು ಮಂದಿ. ತಾನು ಬಾಲ್ಯದಿಂದ ಮೆಚ್ಚಿದವನನ್ನೇ ಮದುವೆಯಾಗಿದ್ದ ಈ ತಾಯಿ, ಮಕ್ಕಳ ವಿಷಯದಲ್ಲಿ ಆ ಅವಕಾಶವನ್ನು ಒಬ್ಬಳಿಗೆ ಮಾತ್ರ ಕೊಟ್ಟಳು: ಅಚ್ಚುಮೆಚ್ಚಿನ ಮಗಳು ಮಾರಿಯಾ ಕ್ರಿಸ್ಟಿನಾ 1766ರಲ್ಲಿ ತಾನು ಪ್ರೀತಿಸಿದ ಸ್ಯಾಕ್ಸನಿಯ ಆಲ್ಬರ್ಟನನ್ನು ವರಿಸಿದಳು. ಉಳಿದವರ ಪಾಲಿಗೆ ಬಂದದ್ದು ರಾಜಕಾರಣ. ನೇಪಲ್ಸಿನ ರಾಜ ಫರ್ಡಿನೆಂಡನಿಗೆ ಮೊದಲು ನಿಶ್ಚಯಿಸಿದ್ದ ಯೊಹಾನಾ 1762ರಲ್ಲಿ ಸಿಡುಬಿನಿಂದ ಸತ್ತಳು. ಆ ಜಾಗಕ್ಕೆ ತಂಗಿ ಯೋಸೆಫಾಳನ್ನು ಇಡಲಾಯಿತು; 1767ರಲ್ಲಿ ಹೊರಡುವ ಮುನ್ನ ಅವಳೂ ಸಿಡುಬಿಗೆ ಬಲಿಯಾದಳು. 1768ರಲ್ಲಿ ಮೂರನೆಯವಳಾದ ಮಾರಿಯಾ ಕರೋಲಿನಾಳನ್ನು, ಇನ್ನೂ ಹದಿನಾರು ತುಂಬದ ಹುಡುಗಿಯನ್ನು, ಅದೇ ವರನಿಗೆ ಕಳಿಸಿಕೊಡಲಾಯಿತು. ಕೊನೆಯ ಮಗಳು ಮರಿ ಆಂತ್ವನೆತ್ 1770ರಲ್ಲಿ ಹದಿನಾಲ್ಕರ ವಯಸ್ಸಿನಲ್ಲಿ ಫ್ರಾನ್ಸಿಗೆ ಹೋದವಳು ತವರಿಗೆ ಮತ್ತೆ ಬರಲಿಲ್ಲ. 1793ರ ಅಕ್ಟೋಬರ್ 16ರಂದು ಪ್ಯಾರಿಸ್ಸಿನಲ್ಲಿ ಅವಳ ಶಿರಚ್ಛೇದವಾಯಿತು. ಈ ಸರಣಿಯನ್ನು ರಾಜತಾಂತ್ರಿಕ ಯಶಸ್ಸಿನ ಪಟ್ಟಿಯಾಗಿ ಓದುವವರು, ಒಬ್ಬ ವರನಿಗಾಗಿ ಮೂವರು ಅಕ್ಕತಂಗಿಯರ ಹೆಸರು ಬರೆದು ಹೊಡೆದುಹಾಕಿದುದನ್ನೂ ನೆನಪಿಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ರಾಜಮನೆತನ ಮತ್ತು ಶ್ರೀಮಂತ ಮನೆತನಗಳ ನಡುವಿನ ಗೆರೆ ಎಲ್ಲಿತ್ತು?

ಸ್ವಂತ ನಾಡಿನ ಮೇಲೆ ಪರಮಾಧಿಕಾರ ಹೊಂದಿದ್ದವರು ರಾಜಮನೆತನದವರು. ಯಾವುದೋ ರಾಜನ ಅಧೀನದಲ್ಲಿ ಭೂಮಿ ಮತ್ತು ಬಿರುದು ಪಡೆದವರು ಶ್ರೀಮಂತ ಮನೆತನದವರು. ಡ್ಯೂಕ್, ಕೌಂಟ್, ಬ್ಯಾರನ್ ಎಂಬ ಬಿರುದನ್ನು ಮಾತ್ರ ನೋಡಿ ಇದನ್ನು ತಿಳಿಯಲಾಗದು. ಎಸ್ತರ್‌ಹಾಜಿಗಳು ಹಂಗೆರಿಯಲ್ಲಿ ಅಪಾರ ಭೂಮಿಯ ಒಡೆಯರಾಗಿದ್ದರು, ಸಂಗೀತಕಾರ ಹೈಡನ್ ದಶಕಗಳ ಕಾಲ ಅವರ ಆಶ್ರಯದಲ್ಲಿದ್ದನು; ಆದರೂ ಅವರು ಹ್ಯಾಬ್ಸ್‌ಬರ್ಗರ ಪ್ರಜೆಗಳೇ. ಲಿಕ್ಟನ್‌ಸ್ಟೈನ್ ಮನೆತನದವರು ವಿಯೆನ್ನಾದ ಆಸ್ಥಾನಿಕರಾಗಿದ್ದುಕೊಂಡು, 1699 ಮತ್ತು 1712ರಲ್ಲಿ ಆಲ್ಪ್ಸ್ ಪರ್ವತಗಳ ಎರಡು ಪುಟ್ಟ ಪ್ರಾಂತಗಳನ್ನು ಕೊಂಡುಕೊಂಡರು. ಚಕ್ರವರ್ತಿಗೆ ನೇರ ಅಧೀನವಾದ ನೆಲವಿದ್ದರೆ ಸಾಮ್ರಾಜ್ಯದ ಸಭೆಯಲ್ಲಿ ಪೀಠ ಸಿಗುತ್ತದೆಂಬುದೇ ಆ ಖರೀದಿಯ ಉದ್ದೇಶ. ಅವೆರಡೂ ಸೇರಿ 1719ರಲ್ಲಿ ಸಂಸ್ಥಾನವಾಯಿತು. ಅವರ ಒಡೆಯರಾಗಿದ್ದ ಹ್ಯಾಬ್ಸ್‌ಬರ್ಗರ ಸಾಮ್ರಾಜ್ಯ ಅಳಿದು ನೂರು ವರ್ಷ ದಾಟಿದೆ. ಈ ಆಸ್ಥಾನಿಕರು ಇಂದಿಗೂ ತಮ್ಮ ನಾಡನ್ನು ಆಳುತ್ತಿದ್ದಾರೆ.

ಸಮಾನ ಕುಲದಲ್ಲದ ಮದುವೆ ಎಂದರೆ ಏನು?

ಆಳುವ ಅಥವಾ ಹಿಂದೆ ಆಳಿದ ಮನೆತನಕ್ಕೆ ಸೇರದ ಹೆಣ್ಣನ್ನು ಆರ್ಚ್‌ಡ್ಯೂಕ್ ಮದುವೆಯಾದರೆ ಅವಳಿಗೆ ಪತಿಯ ದರ್ಜೆ ಸಿಗುತ್ತಿರಲಿಲ್ಲ, ಮಕ್ಕಳಿಗೆ ಪಟ್ಟದ ಹಕ್ಕು ಇರುತ್ತಿರಲಿಲ್ಲ. ಚಕ್ರವರ್ತಿ ಫ್ರಾನ್ಸ್ ಯೋಸೆಫನ ಉತ್ತರಾಧಿಕಾರಿ ಫ್ರಾನ್ಸ್ ಫರ್ಡಿನೆಂಡ್ ಮೆಚ್ಚಿದ ಸೋಫಿ ಖೋಟೆಕ್ ಬೊಹೀಮಿಯದ ಹಳೆಯ ಕೌಂಟ್ ಮನೆತನದವಳು. ಮನೆತನದ ನಿಯಮಕ್ಕೆ ಅದು ಸಾಲದಾಯಿತು. 1900ರ ಜೂನ್ 28ರಂದು ಆತನು ವಿಯೆನ್ನಾದ ಅರಮನೆಯಲ್ಲಿ, ಹುಟ್ಟಲಿರುವ ತನ್ನ ಮಕ್ಕಳಿಗೆ ಪಟ್ಟ ಸಲ್ಲದೆಂದು ಪ್ರಮಾಣ ಮಾಡಿ, ಮೂರು ದಿನಗಳ ಬಳಿಕ ಮದುವೆಯಾದನು. ಆಸ್ಥಾನದ ಮೆರವಣಿಗೆಗಳಲ್ಲಿ ಸೋಫಿ ಪತಿಯ ಪಕ್ಕದಲ್ಲಿ ನಡೆಯುವಂತಿರಲಿಲ್ಲ. ಹದಿನಾಲ್ಕು ವರ್ಷಗಳ ನಂತರ ಅದೇ ಜೂನ್ 28ರಂದು ಸರಾಯೆವೊದಲ್ಲಿ ಇಬ್ಬರೂ ಗುಂಡೇಟಿಗೆ ಬಲಿಯಾದರು. ರಾಜವಂಶದ ಸಮಾಧಿಗೃಹದಲ್ಲಿ ಸೋಫಿಗೆ ಸ್ಥಳವಿರಲಿಲ್ಲವಾದ್ದರಿಂದ, ಫರ್ಡಿನೆಂಡ್ ಮೊದಲೇ ಆರ್ಟ್‌ಸ್ಟೆಟನ್ ಕೋಟೆಯಲ್ಲಿ ಇಬ್ಬರಿಗೂ ಜಾಗ ಸಿದ್ಧಪಡಿಸಿದ್ದನು. 1938ರಲ್ಲಿ ನಾಜಿಗಳು ಅವರ ಇಬ್ಬರು ಗಂಡುಮಕ್ಕಳನ್ನೂ ಡಾಖಾವ್ ಯಾತನಾ ಶಿಬಿರಕ್ಕೆ ಕಳಿಸಿದರು.

1918ರಲ್ಲಿ ಕೊನೆಯ ಚಕ್ರವರ್ತಿ ಪದತ್ಯಾಗ ಮಾಡಿದನೇ?

ಆ ಪದವನ್ನು ಅವನು ಉದ್ದೇಶಪೂರ್ವಕವಾಗಿ ತಪ್ಪಿಸಿದನು. 1918ರ ನವೆಂಬರ್ 11ರ ಘೋಷಣೆಯಲ್ಲಿ ಕಾರ್ಲ್, ರಾಜ್ಯದ ವ್ಯವಹಾರಗಳಲ್ಲಿ ತನ್ನ ಪಾಲನ್ನು ಬಿಟ್ಟುಕೊಡುತ್ತಿರುವುದಾಗಿ ಮಾತ್ರ ಹೇಳಿದನು. ಆಸ್ಟ್ರಿಯ ಗಣರಾಜ್ಯವು 1919ರ ಏಪ್ರಿಲ್ 3ರ ಕಾನೂನಿನಿಂದ ಹ್ಯಾಬ್ಸ್‌ಬರ್ಗರ ಹಕ್ಕುಗಳನ್ನು ರದ್ದುಗೊಳಿಸಿ, ತಮ್ಮ ಹಕ್ಕನ್ನು ತ್ಯಜಿಸದವರನ್ನು ಗಡೀಪಾರು ಮಾಡಿತು. ಅದೇ ದಿನ ಶ್ರೀಮಂತ ಬಿರುದುಗಳನ್ನೂ ರದ್ದುಪಡಿಸಲಾಯಿತು. 1921ರಲ್ಲಿ ಕಾರ್ಲ್ ಹಂಗೆರಿಯ ಸಿಂಹಾಸನ ಮರಳಿ ಪಡೆಯಲು ಎರಡು ಬಾರಿ ಯತ್ನಿಸಿ ವಿಫಲನಾದನು. 1922ರ ಏಪ್ರಿಲ್ 1ರಂದು ಮದೀರಾ ದ್ವೀಪದಲ್ಲಿ ನ್ಯುಮೋನಿಯಾದಿಂದ ಸತ್ತಾಗ ಅವನಿಗೆ 34 ವರ್ಷ.

ಮನೆತನದವರು ಈಗಲೂ ಇದ್ದಾರೆಯೇ?

ಇದ್ದಾರೆ, ನೂರಾರು ಮಂದಿ. ಕಾರ್ಲನ ಹಿರಿಯ ಮಗ ಒಟ್ಟೊ 1961ರಲ್ಲಿ ಸಿಂಹಾಸನದ ಹಕ್ಕನ್ನು ಲಿಖಿತವಾಗಿ ತ್ಯಜಿಸಿದರು. ಅದಾಗಿ ಐದು ವರ್ಷಗಳ ವಾದವಿವಾದದ ನಂತರ 1966ರಲ್ಲಷ್ಟೇ ಆಸ್ಟ್ರಿಯಕ್ಕೆ ಕಾಲಿಡಲು ಸಾಧ್ಯವಾಯಿತು. 1979ರಿಂದ 1999ರವರೆಗೆ ಅವರು ಜರ್ಮನಿಯ ಬವೇರಿಯದಿಂದ ಯುರೋಪಿಯನ್ ಸಂಸತ್ತಿನ ಸದಸ್ಯರಾಗಿದ್ದರು. 1989ರ ಆಗಸ್ಟ್ 19ರಂದು ಹಂಗೆರಿ ಮತ್ತು ಆಸ್ಟ್ರಿಯದ ಗಡಿಯಲ್ಲಿ ಪ್ಯಾನ್-ಯುರೋಪಿಯನ್ ವನಭೋಜನಕ್ಕೆಂದು ಗೇಟು ತೆರೆದಾಗ ನೂರಾರು ಪೂರ್ವ ಜರ್ಮನರು ಪಶ್ಚಿಮಕ್ಕೆ ದಾಟಿದರು. ಅದರ ಪೋಷಕರಲ್ಲಿ ಒಟ್ಟೊ ಒಬ್ಬರು. 2011ರ ಜುಲೈ 4ರಂದು ಅವರು ನಿಧನರಾದಾಗ ದೇಹವನ್ನು ವಿಯೆನ್ನಾದ ಕಪುಚಿನ್ ಚರ್ಚಿನ ನೆಲಮಾಳಿಗೆಯ ರಾಜಸಮಾಧಿಗಳ ನಡುವೆ, ಹೃದಯವನ್ನು ಹಂಗೆರಿಯ ಪನ್ನೊನ್‌ಹಾಲ್ಮ ಮಠದಲ್ಲಿ ಇಡಲಾಯಿತು. ಅದೇ ವರ್ಷ, ಹ್ಯಾಬ್ಸ್‌ಬರ್ಗ್ ಕುಟುಂಬದವರು ಆಸ್ಟ್ರಿಯದ ಅಧ್ಯಕ್ಷ ಚುನಾವಣೆಗೆ ನಿಲ್ಲಬಾರದೆಂಬ ನಿರ್ಬಂಧವನ್ನು ಅಲ್ಲಿಯ ಸಂಸತ್ತು ತೆಗೆದುಹಾಕಿತು.